ಊರು ಎಷ್ಟು ದೂರ?

“ಎಷ್ಟು ಹೊತ್ತಿಗೆ ಮುಟ್ಟುತ್ತೀ?” ಊರಿನಲ್ಲಿ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ಬಂದೊಡನೆ ಮುಂಬಯಿಯ ಮಕ್ಕಳು ಎದುರಿಸಬೇಕಾದ ಮೊದಲ ಪ್ರಶ್ನೆ ಇದು. ಅತ್ತ ಅಂಗಳದಲ್ಲಿ ನೆಂಟರಿಷ್ಟರು ನೆರೆದಿರುತ್ತಾರೆ. ಅವರು ಎಷ್ಟು ಹೊತ್ತು ಕಾಯಬೇಕೆಂಬುದು ನಾವು ಕೊಡುವ ಉತ್ತರದ ಮೇಲೆ ನಿಂತಿದೆ. “ವಿಮಾನದಲ್ಲಿ ಒಂದೂವರೆ ಗಂಟೆ ತಾನೆ!” ಎಂದುಬಿಡುವವರೇ ನಮ್ಮಲ್ಲಿ ಹೆಚ್ಚು. ಈ ಲೆಕ್ಕವನ್ನು ಒಮ್ಮೆ ಸಮಾಧಾನದಿಂದ ಕೂಡಿಸಿ ನೋಡೋಣ.

ಮುಂಬಯಿಯ ಸಹಾರ್ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ಆಕಾಶದ ನೇರ ದಾರಿ ಸುಮಾರು ೭೧೦ ಕಿಲೋಮೀಟರು. ಹಳಬರ ಲೆಕ್ಕದಲ್ಲಿ ೪೪೦ ಮೈಲು. ಜೆಟ್ ವಿಮಾನ ಗಂಟೆಗೆ ೮೦೦ ಕಿಲೋಮೀಟರು ಓಡುವುದಾದರೆ ಒಂದು ಗಂಟೆಯೂ ಬೇಡ. ಆದರೆ ಮೇಲೇರುವಾಗಲೂ ಇಳಿಯುವಾಗಲೂ ಆ ವೇಗ ಇರುವುದಿಲ್ಲ. ಮೇಲಾಗಿ ವೇಳಾಪಟ್ಟಿಯು ವಿಮಾನ ತಂಗಿದ ಜಾಗ ಬಿಟ್ಟು ಕದಲಿದಂದಿನಿಂದ ಮತ್ತೆ ತಂಗುವ ತನಕದ ಹೊತ್ತನ್ನು ಹಿಡಿಯುತ್ತದೆ. ಮುಂಬಯಿಯಲ್ಲಿ ಹಾರುವ ಸರದಿಗಾಗಿ ಸಾಲಿನಲ್ಲಿ ನಿಲ್ಲುವುದೂ ಇದರಲ್ಲಿ ಸೇರಿತು. ಹೀಗೆ ಒಂದೂವರೆ ಗಂಟೆ ಆಗುವುದು. ೧೯೫೧ರ ಡಿಸೆಂಬರ ೨೫ರಂದು ಬಜ್ಪೆಯ ನಿಲ್ದಾಣ ತೆರೆದಾಗ ಪಂಡಿತ ನೆಹರೂ ಬಂದಿಳಿದದ್ದು ಡಕೋಟಾ ವಿಮಾನದಲ್ಲಿ. ಅಂಥ ವಿಮಾನಕ್ಕೆ ಇದೇ ದಾರಿ ಎರಡೂವರೆ ಗಂಟೆಯ ಕೆಲಸ.

ಇನ್ನು ನೆಲದ ಮೇಲಿನ ಪ್ರಯಾಣ. ಭಾಂಡುಪಿನಿಂದ ಪವಾಯಿ, ಸಾಕಿನಾಕಾ ಮಾರ್ಗವಾಗಿ ಸಹಾರಿಗೆ ಹತ್ತು ಹನ್ನೆರಡು ಕಿಲೋಮೀಟರು. ನಮ್ಮ ರಸ್ತೆಗಳ ಮಹಿಮೆ ಬಲ್ಲವರು ಅದಕ್ಕೆ ಒಂದು ಗಂಟೆಯನ್ನಾದರೂ ತೆಗೆದಿಡುತ್ತಾರೆ. ಎರಡು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಹಾರಾಟಕ್ಕೆ ಒಂದೂವರೆ, ಗಂಟುಮೂಟೆ ಪಡೆದು ಹೊರಬರಲು ಅರ್ಧ, ಬಜ್ಪೆಯಿಂದ ಉಡುಪಿಗೆ ಮತ್ತೆ ಒಂದೂವರೆ. ಆಯಿತಲ್ಲ, ಆರೂವರೆ ಗಂಟೆ! ಕುಂದಾಪುರದವರಿಗೆ ಇನ್ನಷ್ಟು ಹೆಚ್ಚು. ಪಾಪ, ಅವರು ತಮ್ಮ ಊರನ್ನು ದಾಟಿ ತೆಂಕಕ್ಕೆ ಹಾರಿ, ಬಡಗಕ್ಕೆ ಹಿಂತಿರುಗಿ ಬರಬೇಕು. ಒಂದು ಎಚ್ಚರಿಕೆ: ೨೦೨೫ರ ಡಿಸೆಂಬರದಿಂದ ನವಿಮುಂಬಯಿಯ ಹೊಸ ನಿಲ್ದಾಣದಿಂದಲೂ ವಿಮಾನಗಳು ಹಾರತೊಡಗಿವೆ. ಅವಸರದಲ್ಲಿ ಟಿಕೇಟು ಕೊಳ್ಳುವಾಗ ನಿಲ್ದಾಣದ ಹೆಸರನ್ನು ಓದಿಕೊಳ್ಳಿರಿ. ಭಾಂಡುಪಿನವರಿಗೆ ಅದು ಸಹಾರಿಗಿಂತ ಬಹಳ ದೂರ.

ರೈಲಿನ ಮಾತು ಬೇರೆ. ೧೯೯೮ರ ಜನವರಿ ೨೬ರಂದು ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆಯುವ ಮೊದಲು, ರೈಲಿನಲ್ಲೇ ಮಂಗಳೂರಿಗೆ ಹೋಗುವೆನೆಂದವನು ಹೆಚ್ಚಾಗಿ ಪಾಲಕ್ಕಾಡು, ಶೊರನೂರುಗಳನ್ನು ಸುತ್ತಬೇಕಿತ್ತು. ಕರಾವಳಿಯ ಹಡಗುಗಳಿದ್ದ ಕಾಲದಲ್ಲಿ ಮಳೆಗಾಲ ಬಂತೆಂದರೆ ಅವೂ ನಿಲ್ಲುತ್ತಿದ್ದವು. ಆ ದಿನಗಳಲ್ಲಿ ತಂತಿ ತಲುಪಿ ಮಗ ಊರು ಸೇರುವಷ್ಟರಲ್ಲಿ ಚಿತೆ ಆರಿರುತ್ತಿತ್ತು. ತಂದೆತಾಯಿಯ ಮುಖ ಕಾಣದೆ ಉತ್ತರಕ್ರಿಯೆಗೆ ಕುಳಿತವರು ನಮ್ಮ ಹಿರಿಯರಲ್ಲಿ ಒಬ್ಬಿಬ್ಬರಲ್ಲ.

ಈಗ ಮತ್ಸ್ಯಗಂಧಾ ಕುರ್ಲಾದಿಂದ ಮಧ್ಯಾಹ್ನ ಹೊರಟು ಠಾಣೆಯಲ್ಲಿ ನಿಂತು, ಮರುದಿನ ಬೆಳಿಗ್ಗೆ ಮಂಗಳೂರು ಸೇರುತ್ತದೆ. ಸುಮಾರು ಹದಿನಾರು ಗಂಟೆ. ಮಕ್ಕಳ ರಜೆಗೆ, ಮದುವೆ ಮುಂಜಿಗೆ, ಕೋಲ ನೇಮಗಳಿಗೆ ನನ್ನ ಮತ ಅದಕ್ಕೇ. ಕುಂದಾಪುರ, ಉಡುಪಿಗಳಲ್ಲಿ ಅದು ನೇರವಾಗಿ ಇಳಿಸುತ್ತದೆ. ಬಹುತೇಕ ವಿಮಾನಗಳ ೧೫ ಕಿಲೋ ಕಟ್ಟಳೆಯಲ್ಲಿ ಹಿಂತಿರುಗುವಾಗಿನ ಹಲಸು, ಕುಚ್ಚಲಕ್ಕಿ, ಹಪ್ಪಳಗಳಿಗೆ ಎಡೆ ಎಲ್ಲಿ?

ಆದರೆ ರಾತ್ರಿ ಹತ್ತಕ್ಕೆ ಸಾವಿನ ಸುದ್ದಿ ಬಂದರೆ ಮತ್ಸ್ಯಗಂಧಾ ಮರುದಿನದ ಮಧ್ಯಾಹ್ನಕ್ಕೆ. ಮನೆ ಸೇರುವುದು ಮೂರನೆಯ ಬೆಳಗಿಗೆ. ಬೆಳಗಿನ ವಿಮಾನ ದೊರೆತರೆ ಮಧ್ಯಾಹ್ನದೊಳಗೆ ಅಂಗಳದಲ್ಲಿರಬಹುದು. ಅಂಥ ವೇಳೆಯಲ್ಲಿ ಹಣದ ಮುಖ ನೋಡಬಾರದು.

ಮಳೆಗಾಲದಲ್ಲಿ ಮಾತ್ರ ಜೋಕೆ. ಬಜ್ಪೆಯ ನಿಲ್ದಾಣ ಗುಡ್ಡದ ತಲೆಯ ಮೇಲಿದೆ. ಮೋಡ ಮುಸುಕಿ ಓಡುದಾರಿ ಕಾಣದಿದ್ದರೆ ವಿಮಾನ ಬೆಂಗಳೂರಿಗೆ ತಿರುಗುವುದುಂಟು. ಜೂನಿನಿಂದ ಸೆಪ್ಟೆಂಬರದ ತನಕ ಮನೆಯವರು ಕೇಳಿದಾಗ ಆರೂವರೆಯ ಬದಲು ಒಂಬತ್ತು ಗಂಟೆ ಎಂದೇ ಹೇಳಿರಿ. ಬಜ್ಪೆಯಲ್ಲಿ ಇಳಿದ ಮೇಲೆ ಇನ್ನೊಮ್ಮೆ ಫೋನು ಮಾಡಿರಿ.