ಅಜ್ಜಿಮನೆಯ ಎಳ್ಳುಂಡಿ, ಫ್ರೀಮಾಂಟಿನ ಮಗು

ಬೇಸಿಗೆ ರಜೆ ಬಂತೆಂದರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಕನ್ನಡ ಮನೆಗಳಲ್ಲಿ ಊರಿಗೆ ಹೊರಡುವ ಗಡಿಬಿಡಿ. ಊರು ಮುಟ್ಟಿ ಕೆಲವು ವಾರ ಕಳೆಯುವಷ್ಟರಲ್ಲಿ ಶ್ರಾವಣ. ಧಾರವಾಡ, ಬಾಗಲಕೋಟೆ ಕಡೆಯ ಮನೆಯಾದರೆ ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ. ಡಿಸೆಂಬರಿನಲ್ಲಿ ಹೋಗಿ ಸಂಕ್ರಾಂತಿವರೆಗೆ ಉಳಿದರೆ ಬೀದಿಯ ಪ್ರತಿ ಮನೆಯಿಂದಲೂ ಎಳ್ಳುಬೆಲ್ಲ. ಎಳ್ಳೋ ಕಡಲೆಬೀಜವೋ ಅಲರ್ಜಿ ಇರುವ ಮಗುವಿಗೆ ಈ ಪ್ರೀತಿಯ ತಟ್ಟೆಯೇ ಅಪಾಯ. ಜಪಾನಿಗೋ ಇಟಲಿಗೋ ಹೊರಟರೆ ತಂದೆತಾಯಿ ತಿಂಗಳ ಮೊದಲೇ ವಿಚಾರಿಸತೊಡಗುತ್ತಾರೆ. ಊರಿಗೆ ಹೊರಟಾಗ ಹಾಗೆ ಅನಿಸುವುದಿಲ್ಲ, ನಮ್ಮ ಮನೆ ತಾನೆ ಎಂಬ ನೆಮ್ಮದಿ. ಆದರೆ ಆಹಾರದ ಅಲರ್ಜಿಯ ಮಟ್ಟಿಗೆ ಅಜ್ಜಿಮನೆಯೂ ಪರದೇಶವೇ. ಬೇರೆ ಯಾವ ದೇಶಕ್ಕೂ ಬೇಡದಷ್ಟು ಸಿದ್ಧತೆ ಅಲ್ಲಿಗೆ ಬೇಕು ಎಂಬುದು ಈ ಬರಹದ ವಾದ.

ಕ್ಯಾಲಿಫೋರ್ನಿಯಾದಲ್ಲಿ ಆ ಮಗುವನ್ನು ಕಾಯುವುದು ತಾಯಿಯ ಕಣ್ಣೊಂದೇ ಅಲ್ಲ. ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಕಡಲೆಬೀಜ, ಗೋಡಂಬಿ-ಬಾದಾಮಿಯಂಥ ಬೀಜಗಳು, ಗೋಧಿ, ಸೋಯಾ, ಈ ಎಂಟನ್ನು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆಯಲೇಬೇಕೆಂದು ಅಮೆರಿಕ 2004ರಲ್ಲೇ ಕಾನೂನು ಮಾಡಿತು. 2021ರ ಕಾನೂನು ಎಳ್ಳನ್ನು ಒಂಬತ್ತನೆಯದಾಗಿ ಸೇರಿಸಿತು. 2023ರ ಜನವರಿ 1ರಿಂದ ಅದು ಜಾರಿಯಲ್ಲಿದೆ. 2015ರಿಂದ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳು ತುರ್ತಿಗೆಂದು ಎಪಿನೆಫ್ರಿನ್ ಚುಚ್ಚುಮದ್ದಿನ ಪೆನ್ ಇಟ್ಟುಕೊಂಡಿರಬೇಕು. ವಿಮಾನ ಹತ್ತಿದೊಡನೆ ಈ ಕಾವಲುಗಳೆಲ್ಲ ಹಿಂದೆ ಉಳಿಯುತ್ತವೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೂ ಕಡಲೆಬೀಜ, ಗೋಡಂಬಿ, ಹಾಲು ಮುಂತಾದವನ್ನು ಪೊಟ್ಟಣದ ಮೇಲೆ ಬೇರೆಯಾಗಿ ತಿಳಿಸಬೇಕು ಎನ್ನುತ್ತದೆ, ಆದರೆ ಆ ಪಟ್ಟಿಯಲ್ಲಿ ಎಳ್ಳಿಲ್ಲ. ಅದಕ್ಕಿಂತ ಮುಖ್ಯವಾಗಿ, ಊರಿನಲ್ಲಿ ಮಗು ತಿನ್ನುವುದರಲ್ಲಿ ಹೆಚ್ಚಿನದು ಪೊಟ್ಟಣದಿಂದ ಬಂದದ್ದೇ ಅಲ್ಲ. ಪುಳಿಯೋಗರೆ ಗೊಜ್ಜಿನಲ್ಲಿ ಎಳ್ಳು ಅರೆದುಹೋಗಿರುತ್ತದೆ, ಹೋಟೆಲಿನ ಕುರ್ಮದಲ್ಲಿ ಗೋಡಂಬಿ ಕಣ್ಣಿಗೆ ಕಾಣುವುದಿಲ್ಲ, 'ಆರಿಸಿ ತಿನ್ನು ಕಂದಾ' ಎಂದರೆ ಪ್ರಯೋಜನವಿಲ್ಲ. ಎಣ್ಣೆಯ ವಿಷಯವೂ ಹೀಗೇ. ಚೆನ್ನಾಗಿ ರಿಫೈನ್ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಅಲರ್ಜಿ ಹುಟ್ಟಿಸುವ ಪ್ರೋಟೀನು ಬಹುತೇಕ ಉಳಿದಿರುವುದಿಲ್ಲ. ಆರೋಗ್ಯಕ್ಕೆ ಒಳ್ಳೆಯದೆಂದು ಈಗ ಮತ್ತೆ ಮನೆಮನೆಗೆ ಬಂದಿರುವ ಗಾಣದ ಎಣ್ಣೆಯಲ್ಲಿ ಅದು ಉಳಿದಿರುತ್ತದೆ.

'ನಾವೆಲ್ಲ ಇದನ್ನೇ ತಿಂದು ಬೆಳೆದೆವು, ಇದು ಅಮೆರಿಕದ ಕಾಯಿಲೆ' ಎಂಬ ಮಾತು ಹಿರಿಯರಿಂದ ಬಂದೇ ಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ, ಅದರಲ್ಲಿ ಅರ್ಧ ಸತ್ಯವಿದೆ. ಬೆಂಗಳೂರು-ಮೈಸೂರು ಸೀಮೆಯ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಶೇ. 26.5 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧದ ಪ್ರತಿಕಾಯ ಕಂಡಿತು. ನಿಜವಾಗಿ ಅಲರ್ಜಿ ಇರಬಹುದಾದವರು ಮಾತ್ರ ಶೇ. 1.2. ಅಮೆರಿಕದಲ್ಲಿ 2021ರ ಸರ್ಕಾರಿ ಸಮೀಕ್ಷೆಯಂತೆ ಮಕ್ಕಳಲ್ಲೇ ಶೇ. 5.8. ಅಜ್ಜಿ ತನ್ನ ಓಣಿಯಲ್ಲಿ ಇಂಥ ಮಗುವನ್ನು ನೋಡಿಲ್ಲ ಎಂದರೆ ಅದು ಸುಳ್ಳಲ್ಲ. ಆದರೆ ಮೆಲ್ಬರ್ನ್‌ನ ಅಧ್ಯಯನಗಳು ಇನ್ನೊಂದು ಅರ್ಧವನ್ನು ತೋರಿಸಿವೆ: ಏಷ್ಯಾದ ತಂದೆತಾಯಿಗೆ ಆಸ್ಟ್ರೇಲಿಯಾದಲ್ಲೇ ಹುಟ್ಟಿದ ಮಕ್ಕಳಲ್ಲಿ ಕಡಲೆಬೀಜದಂಥ ಅಲರ್ಜಿ ಹೆಚ್ಚು, ಏಷ್ಯಾದಲ್ಲಿ ಹುಟ್ಟಿ ಆಮೇಲೆ ಅಲ್ಲಿಗೆ ಹೋದ ಮಕ್ಕಳಲ್ಲಿ ಕಡಿಮೆ. ರಕ್ತ ನಮ್ಮದೇ, ಬೆಳೆದ ನೆಲ ಬೇರೆ. ಕಾಯಿಲೆ ಎಲ್ಲಿಯದಾದರೂ ಅದು ಮಗುವಿನ ಜೊತೆಗೇ ಊರಿಗೆ ಬರುತ್ತದೆ.

ಇನ್ನು ಮಾತಿನ ತೊಡಕು. ನಮ್ಮಲ್ಲಿ 'ನಂಜು' ಎನ್ನುತ್ತೇವೆ, 'ಒಗ್ಗಲ್ಲ', 'ಆಗಿಬರಲ್ಲ' ಎನ್ನುತ್ತೇವೆ. ಗಾಯವಾದಾಗ ಬದನೆಕಾಯಿ ನಂಜು, ಆದರೆ ಒಂದು ಹೋಳು ತಿಂದರೆ ಯಾರೂ ಸಾಯುವುದಿಲ್ಲ. 'ಮಗುವಿಗೆ ಕಡಲೆ ಆಗಲ್ಲ' ಎಂದರೆ ಕೇಳಿದವರ ಮನಸ್ಸಿಗೆ ಹೊಳೆಯುವುದು ಈ ಅರ್ಥವೇ. ಅದರ ಮೇಲೆ 'ಕಡಲೆ' ಎಂದರೆ ಯಾವುದು? ಕಡಲೆಬೇಳೆಯೇ, ಹುರಿಗಡಲೆಯೇ, ಕಡಲೆಬೀಜವೇ? ಮೈಸೂರಿನ ಕಡಲೆಕಾಯಿ ಹುಬ್ಬಳ್ಳಿಯಲ್ಲಿ ಶೇಂಗಾ, ಕರಾವಳಿಯಲ್ಲಿ ನೆಲಗಡಲೆ. ಹಾಗಾಗಿ ಕನ್ನಡದಲ್ಲೇ ಒಂದು ಚೀಟಿ ಬರೆದು ಕಿಸೆಯಲ್ಲಿ ಇಟ್ಟುಕೊಳ್ಳಬೇಕು: 'ಈ ಮಗು ಕಡಲೆಬೀಜ (ಶೇಂಗಾ, ನೆಲಗಡಲೆ) ಒಂದು ಚೂರು ತಿಂದರೂ ಉಸಿರು ಕಟ್ಟಿ ಜೀವಕ್ಕೆ ಅಪಾಯ. ಅದನ್ನು ಹುರಿದ ಬಾಣಲೆ, ಅರೆದ ಮಿಕ್ಸಿ, ಕಲಸಿದ ಸೌಟು ಬಳಸಬೇಡಿ.' ಕೊನೆಯ ಸಾಲು ಅತಿಯಾಯಿತು ಎನ್ನುವವರಿಗೆ ನಮ್ಮ ಅಡುಗೆಮನೆಯಲ್ಲೇ ಉತ್ತರವಿದೆ. ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಅದ್ದಿದರೆ ಇಡೀ ಭರಣಿ ಕೆಡುತ್ತದೆಂದು ಯಾವ ಅಜ್ಜಿಗೂ ಹೇಳಿಕೊಡಬೇಕಿಲ್ಲ. ಒಂದು ತೊಟ್ಟು ನೀರಿಗೆ ಅಷ್ಟು ಶಕ್ತಿ ಇದೆಯೆಂದು ನಂಬುವವರು ಒಂದು ಚೂರು ಬೀಜದ ಶಕ್ತಿಯನ್ನೂ ನಂಬುತ್ತಾರೆ. ಹೇಳುವ ರೀತಿಯಲ್ಲಿ ಹೇಳಬೇಕು.

'ಸ್ವಲ್ಪ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿಸಿ' ಎಂಬ ಸಲಹೆಯೂ ಬರುತ್ತದೆ, ಅದಕ್ಕೆ ವಿಜ್ಞಾನದ ಆಧಾರವಿದೆ ಎಂಬಂತೆ. ಅಪಾಯ ಹೆಚ್ಚಿದ್ದ ಹಸುಗೂಸುಗಳಿಗೆ ಮೊದಲ ವರ್ಷದಿಂದಲೇ ಕಡಲೆಬೀಜದ ತಿನಿಸು ಕೊಟ್ಟರೆ ಐದನೇ ವಯಸ್ಸಿಗೆ ಅಲರ್ಜಿ ಸುಮಾರು ಶೇ. 81ರಷ್ಟು ಕಡಿಮೆಯಾಗುತ್ತದೆಂದು 2015ರಲ್ಲಿ ಲಂಡನ್‌ನ ಸಂಶೋಧಕರು ತೋರಿಸಿದ್ದು ನಿಜ. ಅದು ಅಲರ್ಜಿ ಬರುವ ಮೊದಲಿನ ಮಾತು. ಬಂದ ಮೇಲೆ ಅಭ್ಯಾಸ ಮಾಡಿಸುವ ಚಿಕಿತ್ಸೆಯೂ ಇದೆ, ಆದರೆ ಅದು ಮಿಲಿಗ್ರಾಂ ಲೆಕ್ಕದಲ್ಲಿ, ತಜ್ಞ ವೈದ್ಯರ ಕಣ್ಣೆದುರಿಗೆ ಶುರುವಾಗುವಂಥದ್ದು. ಹಬ್ಬದ ದಿನ ಉಂಡಿ ಮುರಿದು ಬಾಯಿಗಿಡುವುದು ಚಿಕಿತ್ಸೆಯಲ್ಲ.

ಇಷ್ಟೆಲ್ಲ ಕೇಳಿ, ಹಾಗಾದರೆ ಮಗುವನ್ನು ಕರೆದೊಯ್ಯುವುದೇ ಬೇಡ ಎನ್ನುವುದೂ ಸರಿಯಲ್ಲ. ಆಹಾರದ ಅಲರ್ಜಿಯಿಂದ ಸಾವು ಅಪರೂಪ, ಅಜ್ಜಿ-ತಾತನ ತೊಡೆ ಮಗುವಿಗೆ ಸಿಗಲೇಬೇಕು. ಆದರೆ ಆಹಾರದಿಂದ ಸತ್ತವರ ಬಗ್ಗೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದರಂತೆ, ತಿಂದ ಮೇಲೆ ಉಸಿರೋ ಎದೆಬಡಿತವೋ ನಿಲ್ಲಲು ಹಿಡಿದ ಸಮಯ ಸುಮಾರು ಅರ್ಧ ಗಂಟೆ. ಬೆಂಗಳೂರಿನ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಅರ್ಧ ಗಂಟೆಯಲ್ಲಿ ಎಷ್ಟು ದೂರ ಹೋಗಬಹುದೆಂದು ಓದುಗರಿಗೆ ಗೊತ್ತು. ಎಪಿನೆಫ್ರಿನ್ ಮದ್ದು ಭಾರತದ ಆಸ್ಪತ್ರೆಗಳಲ್ಲಿ ಆಂಪೂಲ್‌ನಲ್ಲಿ ಇರುತ್ತದೆ. ತೊಡೆಗೆ ಒತ್ತಿದರೆ ತಾನೇ ಚುಚ್ಚುವ ಪೆನ್ ಔಷಧದಂಗಡಿಯಲ್ಲಿ ಸಿಗುತ್ತದೆಂದು ನೆಚ್ಚಬಾರದು. ಆದ್ದರಿಂದ ಕನಿಷ್ಠ ಎರಡು ಪೆನ್‌ಗಳು ವೈದ್ಯರ ಪತ್ರದೊಡನೆ ಕೈಚೀಲದಲ್ಲಿ ಬರಬೇಕು, ಲಗೇಜಿನಲ್ಲಿ ಅಲ್ಲ. ವಿಮಾನದಲ್ಲಿ ಸಸ್ಯಾಹಾರಿ ಊಟ ಕೇಳಿ ಪಡೆದರೆ ಸಾಲದು, ಅದರಲ್ಲೂ ಗೋಡಂಬಿ, ಎಳ್ಳು ಇರಬಹುದು. ಊರು ಮುಟ್ಟಿದ ದಿನವೇ ಮನೆಯ ಹಿರಿಯರಿಬ್ಬರಿಗೆ ಡಮ್ಮಿ ಪೆನ್ನಿನಿಂದ ಚುಚ್ಚುವುದನ್ನು ಕಲಿಸಿ. ಮೈ ದದ್ದು ಎದ್ದು ವಾಂತಿಯಾದರೆ, ದನಿ ಒಡೆದರೆ, ಉಸಿರು ಸೀಟಿ ಹೊಡೆದರೆ ಅಲರ್ಜಿ ಮಾತ್ರೆ ಕೊಟ್ಟು ಕಾಯಬಾರದು. ಮೊದಲು ತೊಡೆಯ ಹೊರಬದಿಗೆ ಪೆನ್, ಆಮೇಲೆ 108. ಐದರಿಂದ ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು. ಪೆನ್ನುಗಳನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಬಿಸಿಲಲ್ಲಿ ನಿಂತ ಕಾರಿನಲ್ಲೂ ಬಿಡಬೇಡಿ. ಬೀಗವಿಲ್ಲದ ಕಪಾಟಿನಲ್ಲಿ, ಅಜ್ಜಿಯ ಕೈಗೆ ಎಟುಕುವಲ್ಲಿ ಇಡಿ.