ಎದೆ ಡವಡವ ಎನ್ನುವುದೇಕೆ?

ಮಕ್ಕಳೇ, ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಕೈಗೆ ಬರುವ ಮುನ್ನ ನಿಮ್ಮ ದೇಹವನ್ನು ಗಮನಿಸಿದ್ದೀರಾ? ಎದೆ ಡವಡವ ಹೊಡೆದುಕೊಳ್ಳುತ್ತದೆ. ಅಂಗೈ ಬೆವರುತ್ತದೆ, ಬೆರಳು ತಣ್ಣಗಾಗುತ್ತದೆ. ಬಾಯಿ ಒಣಗುತ್ತದೆ. ಹೊಟ್ಟೆಯಲ್ಲಿ ಏನೋ ತಳಮಳ. ಆಗ ತಾನೇ ಹೋಗಿ ಬಂದಿದ್ದರೂ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುತ್ತದೆ!

'ನನಗೇ ಏಕೆ ಹೀಗೆ? ನಾನೊಬ್ಬ ಅಂಜುಬುರುಕ' ಎಂದು ಅನೇಕರು ಒಳಗೊಳಗೇ ಕೊರಗುತ್ತಾರೆ. ಪಕ್ಕದಲ್ಲಿ ಕುಳಿತವರಿಗೂ ಹಾಗೆಯೇ ಆಗುತ್ತಿದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಇದು ರೋಗವಲ್ಲ, ಹೇಡಿತನವೂ ಅಲ್ಲ. ದೇಹ ಯಾವುದೋ ಒಂದು ಕೆಲಸಕ್ಕೆ ಸಿದ್ಧವಾಗುತ್ತಿದೆ. ಯಾವ ಕೆಲಸಕ್ಕೆ? ಇದನ್ನು ತಿಳಿಯಲು ಬೆಕ್ಕಿನ ಕಥೆ ಕೇಳಬೇಕು.

ಬೆಕ್ಕು ಕಲಿಸಿದ ಪಾಠ

ನಾಯಿಯನ್ನು ಕಂಡ ಬೆಕ್ಕನ್ನು ನೀವು ನೋಡಿರುತ್ತೀರಿ. ಅದರ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಮೈಮೇಲಿನ ರೋಮ ನಿಮಿರುತ್ತದೆ. ಮರುಕ್ಷಣ ಅದು ಪಂಜ ಎತ್ತಿ ಹೊಡೆಯಬಹುದು, ಇಲ್ಲವೇ ಚಂಗನೆ ಮರ ಹತ್ತಬಹುದು.

ಎಕ್ಸ್ ಕಿರಣಗಳ ಆವಿಷ್ಕಾರವಾದದ್ದು 1895ರಲ್ಲಿ. ಅದಾದ ಸ್ವಲ್ಪ ಕಾಲಕ್ಕೇ ಅಮೆರಿಕದ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ವಾಲ್ಟರ್ ಕ್ಯಾನನ್ ಬೆಕ್ಕುಗಳಿಗೆ ಬಿಸ್ಮತ್ ಲವಣ ಬೆರೆಸಿದ ಆಹಾರ ಕೊಟ್ಟು, ಜಠರ ಹೇಗೆ ಚಲಿಸುತ್ತದೆ ಎಂಬುದನ್ನು ಈ ಕಿರಣಗಳ ಮೂಲಕ ನೋಡತೊಡಗಿದರು. ಬೆಕ್ಕು ಸಿಟ್ಟಾದರೆ ಅಥವಾ ಹೆದರಿದರೆ ಜಠರದ ಚಲನೆ ಥಟ್ಟನೆ ನಿಂತುಬಿಡುತ್ತಿತ್ತು! ಮೈ ಸವರಿ ಸಮಾಧಾನಪಡಿಸಿದರೆ ಮತ್ತೆ ಶುರುವಾಗುತ್ತಿತ್ತು. ಮನಸ್ಸಿಗೂ ಹೊಟ್ಟೆಗೂ ನಂಟಿದೆ ಎಂಬುದು ಅವರ ಕಣ್ಣೆದುರೇ ಕಂಡಿತು. ಮುಂದೆ ಕ್ಯಾನನ್ ಹಲವು ವರ್ಷ ಇದೇ ವಿಷಯವನ್ನು ಅಭ್ಯಾಸ ಮಾಡಿ, ಅಪಾಯ ಬಂದಾಗ ಪ್ರಾಣಿಯ ಇಡೀ ದೇಹ 'ಹೋರಾಡು, ಇಲ್ಲವೇ ಓಡು' ಎಂಬ ಸ್ಥಿತಿಗೆ ಸಿದ್ಧವಾಗುತ್ತದೆ ಎಂದು ವಿವರಿಸಿದರು.

ದೇಹದೊಳಗೆ ಏನಾಗುತ್ತದೆ?

ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಒಂದೊಂದು ಚಿಕ್ಕ ಗ್ರಂಥಿ ಕುಳಿತಿದೆ. ಇದೇ ಅಡ್ರಿನಲ್ ಗ್ರಂಥಿ. ಅಪಾಯದ ಸುಳಿವು ಸಿಕ್ಕ ಕೂಡಲೇ ಮೆದುಳು ನರಗಳ ಮೂಲಕ ಇದಕ್ಕೆ ಸುದ್ದಿ ಮುಟ್ಟಿಸುತ್ತದೆ. ಗ್ರಂಥಿ ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸ್ರವಿಸುತ್ತದೆ. ಆಗ –

ಹೃದಯ ವೇಗವಾಗಿ ಬಡಿದು ಸ್ನಾಯುಗಳಿಗೆ ಹೆಚ್ಚು ರಕ್ತ ಕಳಿಸುತ್ತದೆ. ಉಸಿರಾಟ ಚುರುಕಾಗಿ ಆಕ್ಸಿಜನ್ ಪೂರೈಕೆ ಹೆಚ್ಚುತ್ತದೆ. ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ. ಆದ್ದರಿಂದಲೇ ಬೆರಳು ತಣ್ಣಗಾಗುವುದು. ಓಡುವ ಹೊತ್ತಿನಲ್ಲಿ ಊಟ ಜೀರ್ಣಿಸುವ ಅವಸರವಿಲ್ಲ. ಆದ್ದರಿಂದ ಜೊಲ್ಲು ಕಡಿಮೆಯಾಗುತ್ತದೆ, ಜಠರದ ಕೆಲಸ ನಿಧಾನವಾಗುತ್ತದೆ. ರೋಮದ ಬುಡದಲ್ಲಿರುವ ಪುಟ್ಟ ಸ್ನಾಯುಗಳು ಬಿಗಿಯಾಗಿ ಮೈ ಜುಮ್ಮೆನ್ನುತ್ತದೆ. ಬೆಕ್ಕಿನ ರೋಮ ನಿಮಿರುವುದೂ ಇದೇ ರೀತಿ.

ಇದರ ಹಿಂದೆಯೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಬರುತ್ತದೆ. ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಕಾರ್ಟಿಸಾಲ್ ಹೆಚ್ಚು ಹೊತ್ತು ಉಳಿದು, ದೇಹಕ್ಕೆ ಇಂಧನ ಒದಗುವಂತೆ ನೋಡಿಕೊಳ್ಳುತ್ತದೆ.

ಹುಲಿ ಎದುರಾದರೆ ಈ ಸಿದ್ಧತೆ ನಮ್ಮ ಪ್ರಾಣ ಉಳಿಸುತ್ತದೆ. ಆದರೆ ಮೆದುಳು ಬಾರಿಸುವ ಎಚ್ಚರಿಕೆಯ ಗಂಟೆ ಹುಲಿಗೂ ಒಂದೇ, ಗಣಿತದ ಪ್ರಶ್ನೆಪತ್ರಿಕೆಗೂ ಒಂದೇ. ಓಡಲು ಸಿದ್ಧವಾದ ದೇಹವನ್ನು ನಾವು ಬೆಂಚಿನ ಮೇಲೆ ಕೂರಿಸಿರುತ್ತೇವೆ!

ಒತ್ತಡ ಎಂದರೆ

ಸೈಕಲ್ ಟ್ಯೂಬಿನೊಳಗಿನ ಗಾಳಿಯ ಒತ್ತಡದ ಬಗ್ಗೆ ನಿಮಗೆ ಗೊತ್ತು. ಇಲ್ಲಿ ನಾವು ಹೇಳುತ್ತಿರುವುದು ಬೇರೆಯ ಒತ್ತಡ. 1936ರಲ್ಲಿ ಕೆನಡಾದ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲೆ ಮಾಡಿದ ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ತೀವ್ರ ಚಳಿ, ಗಾಯ, ಅತಿಯಾದ ದಣಿವು – ಕಷ್ಟ ಯಾವುದೇ ಆಗಿರಲಿ, ಇಲಿಗಳ ದೇಹದಲ್ಲಿ ಒಂದೇ ಬಗೆಯ ಬದಲಾವಣೆಗಳು ಕಂಡವು. ಅಡ್ರಿನಲ್ ಗ್ರಂಥಿಗಳು ದೊಡ್ಡದಾಗಿದ್ದವು. ರೋಗದೊಡನೆ ಹೋರಾಡಲು ನೆರವಾಗುವ ಅಂಗಗಳು ಕುಗ್ಗಿದ್ದವು. ಕಷ್ಟಕ್ಕೆ ದೇಹ ತೋರುವ ಈ ಪ್ರತಿಕ್ರಿಯೆಯನ್ನೇ ಮುಂದೆ ಅವರು ಒತ್ತಡ ಎಂದು ಕರೆದರು.

ಹಾಗಾದರೆ ಒತ್ತಡ ಕೆಟ್ಟದ್ದೇ? ಎಲ್ಲ ಸಲವೂ ಅಲ್ಲ. ಖೋ ಖೋ ಅಂಕಣದಲ್ಲಿ ಸ್ವಲ್ಪವೂ ತವಕವಿಲ್ಲದೆ ಕುಳಿತವರು ಚುರುಕಾಗಿ ಏಳಲಾರರು. ಸ್ವಲ್ಪ ಒತ್ತಡ ಗಮನವನ್ನು ಹರಿತಗೊಳಿಸುತ್ತದೆ. ಮಿತಿ ಮೀರಿದಾಗ ಮಾತ್ರ ತೊಂದರೆ. ಗದ್ದೆಗೆ ನೀರು ಹಾಯಿಸಿದ ಮೇಲೆ ಪಂಪ್‌ಸೆಟ್ ನಿಲ್ಲಿಸುತ್ತೇವೆ, ಅಲ್ಲವೇ? ನಿಲ್ಲಿಸದೆ ಬಿಟ್ಟರೆ ಮೋಟಾರು ಸುಟ್ಟೀತು. ಒತ್ತಡವೂ ವಾರಗಟ್ಟಲೆ, ತಿಂಗಳುಗಟ್ಟಲೆ ನಿಲ್ಲದೆ ಉಳಿದರೆ ನಿದ್ರೆ ಕೆಡುತ್ತದೆ, ತಲೆನೋವು, ಹೊಟ್ಟೆನೋವು ಮರುಕಳಿಸುತ್ತವೆ, ರೋಗನಿರೋಧಕ ಶಕ್ತಿ ತಗ್ಗುತ್ತದೆ. ಪರೀಕ್ಷೆಯ ಬೆಳಗ್ಗೆ ಹೊಟ್ಟೆನೋವು ಎನ್ನುವ ಮಕ್ಕಳೆಲ್ಲ ನೆಪ ಹೇಳುತ್ತಿರುವುದಿಲ್ಲ. ಆ ನೋವು ನಿಜವಾದದ್ದೇ.

ಮರೆತ ಉತ್ತರ ಎಲ್ಲಿ ಹೋಯಿತು?

ಚೆನ್ನಾಗಿ ಓದಿದ್ದ ಉತ್ತರ ಪರೀಕ್ಷೆಯಲ್ಲಿ ನೆನಪಾಗುವುದಿಲ್ಲ. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ತಾನಾಗಿಯೇ ಹೊಳೆಯುತ್ತದೆ! ಇದಕ್ಕೆ ದಡ್ಡತನ ಕಾರಣವಲ್ಲ. ಒತ್ತಡ ಅತಿಯಾದಾಗ ಮೆದುಳಿಗೆ ಸಂಗ್ರಹದಿಂದ ನೆನಪನ್ನು ಹೊರತೆಗೆಯುವುದು ಕಷ್ಟವಾಗುತ್ತದೆ. ನೆನಪು ಅಳಿಸಿಹೋಗಿರುವುದಿಲ್ಲ. ಆದ್ದರಿಂದ ಅಂಥ ಪ್ರಶ್ನೆಯನ್ನು ಬಿಟ್ಟು, ಗೊತ್ತಿರುವುದನ್ನು ಮೊದಲು ಬರೆಯಿರಿ. ಮನಸ್ಸು ಸ್ವಲ್ಪ ಹಗುರವಾದ ಮೇಲೆ ಮತ್ತೆ ಅದಕ್ಕೆ ಬನ್ನಿ.

ಮಾಡಿ ನೋಡಿ

ಬೇಕಾದದ್ದು: ಗಡಿಯಾರ, ಎಲ್ಲರ ಹೆಸರು ಬರೆದ ಚೀಟಿಗಳು, ಗುರುಗಳ ನೆರವು.

1. ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 30 ಸೆಕೆಂಡು ನಾಡಿ ಎಣಿಸಿ. ಎರಡರಿಂದ ಗುಣಿಸಿ ಬರೆದುಕೊಳ್ಳಿ. ನಿಮ್ಮ ವಯಸ್ಸಿನಲ್ಲಿ ಇದು ಸಾಮಾನ್ಯವಾಗಿ ನಿಮಿಷಕ್ಕೆ 70ರಿಂದ 100ರ ಒಳಗಿರುತ್ತದೆ.

2. ಗುರುಗಳು ಒಂದು ಚೀಟಿ ಎತ್ತಲಿ. ಅದರಲ್ಲಿ ಹೆಸರಿರುವವರು ಎಲ್ಲರೆದುರು 17ರ ಮಗ್ಗಿಯನ್ನು ಹಿಂದುಮುಂದಾಗಿ ಹೇಳಬೇಕು. ಚೀಟಿ ಬಿಚ್ಚುವ ಮೊದಲೇ ಮತ್ತೆ ನಾಡಿ ಎಣಿಸಿ.

3. ಈಗ ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತಾ ನಿಧಾನವಾಗಿ ಬಿಡಿ. ಹೀಗೆ ಹತ್ತು ಸಲ. ಮೂರನೆಯ ಬಾರಿ ನಾಡಿ ಎಣಿಸಿ.

ಮೂರೂ ಅಂಕಿಗಳನ್ನು ಹೋಲಿಸಿ. ಎಲ್ಲರಲ್ಲೂ ಒಂದೇ ರೀತಿ ಬಂತೇ? ಇಲ್ಲವಾದರೆ ಏಕಿರಬಹುದು, ಚರ್ಚಿಸಿ.

ಹೃದಯಕ್ಕೆ 'ನಿಧಾನ' ಎಂದು ಹೇಳುವ ನರವೂ ನಮ್ಮಲ್ಲಿದೆ. ಅದು ಮೆದುಳಿನಿಂದ ಹೃದಯ, ಶ್ವಾಸಕೋಶ, ಜಠರಗಳವರೆಗೆ ಚಾಚಿರುವ ವೇಗಸ್ ನರ. ಉಸಿರು ಬಿಡುವಾಗ ಇದರ ಪ್ರಭಾವ ಹೆಚ್ಚು. ಹೃದಯಕ್ಕೆ ಅಪ್ಪಣೆ ಕೊಡಲು ನಮ್ಮಿಂದಾಗದು. ಆದರೆ ಉಸಿರನ್ನು ನಿಧಾನಗೊಳಿಸಬಲ್ಲೆವು. ಅದರ ಮೂಲಕ ಹೃದಯವನ್ನೂ!

ಇನ್ನೇನು ಮಾಡಬಹುದು?

ಸಂಜೆ ಓಡಿ, ಆಡಿ. ಓಟಕ್ಕೆಂದು ಸಿದ್ಧವಾದ ಇಂಧನ ಆಟದಲ್ಲಿ ಖರ್ಚಾಗುತ್ತದೆ. ರಾತ್ರಿ ಕನಿಷ್ಠ 9 ಗಂಟೆ ನಿದ್ರೆ ಮಾಡಿ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲೇ. ಇಡೀ ಪುಸ್ತಕ ಕಂಡು ಹೆದರಿಕೆಯಾದರೆ ಇಂದಿಗೆ ಒಂದು ಪಾಠ, ಅದರಲ್ಲೂ ಎರಡು ಪುಟ ಎಂದು ಭಾಗ ಮಾಡಿಕೊಳ್ಳಿ.

ಆದರೆ ಎಲ್ಲ ಒತ್ತಡವೂ ಪರೀಕ್ಷೆಯದಲ್ಲ. ಮನೆಯಲ್ಲಿ ದಿನವೂ ಜಗಳ, ಕುಡಿತ, ಸಾಲದ ಚಿಂತೆ ಇರಬಹುದು. ಯಾರಾದರೂ ಹೊಡೆಯುತ್ತಿರಬಹುದು, ಹೆದರಿಸುತ್ತಿರಬಹುದು. ಇವು ಉಸಿರಾಟದಿಂದ ಸರಿಹೋಗುವಂಥವಲ್ಲ, ನೀವೊಬ್ಬರೇ ಹೊರಬೇಕಾದ ಹೊರೆಯೂ ಅಲ್ಲ. ನೀವು ನಂಬುವ ಹಿರಿಯರಿಗೆ ಹೇಳಿ – ಅಮ್ಮ, ಅಜ್ಜಿ, ನಿಮ್ಮ ಮೇಷ್ಟ್ರು, ಟೀಚರ್, ಯಾರಾದರೂ ಸರಿ. ಒಬ್ಬರು ಕಿವಿಗೊಡದಿದ್ದರೆ ಇನ್ನೊಬ್ಬರಿಗೆ ಹೇಳಿ. 1098 ಮಕ್ಕಳ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ತರಬೇತಿ ಪಡೆದವರು ಕನ್ನಡದಲ್ಲೇ ಮಾತನಾಡುತ್ತಾರೆ.

ಮುಂದಿನ ಸಲ ಎದೆ ಡವಡವ ಎಂದಾಗ ಹೆದರಬೇಡಿ. 'ನನ್ನ ದೇಹ ಓಡಲು ಸಿದ್ಧವಾಗಿದೆ, ನಾನು ಬರೆಯಲು ಕುಳಿತಿದ್ದೇನೆ' ಎಂದುಕೊಂಡು ಉದ್ದವಾಗಿ ಉಸಿರು ಬಿಡಿ. ಆಮೇಲೆ ಪೆನ್ನು ಎತ್ತಿಕೊಳ್ಳಿ.