ರೈಲುಡಬ್ಬಿಯ ಜಾತಕ

2019ರಲ್ಲಿ ಅಳ್ನಾವರದಿಂದ ಅಂಬೇವಾಡಿಗೆ ಪ್ರಯಾಣಿಕರ ಗಾಡಿ ಮತ್ತೆ ಬಂದಾಗ ದಾಂಡೇಲಿ, ಹಳಿಯಾಳದ ಹಿರಿಯರಿಗೆ ಹಿಂದಿನ ಗಾಡಿಗಳ ನೆನಪಾಗದೆ ಇದ್ದೀತೆ? ಬಹು ಹಿಂದಿನ ಡಬ್ಬಿಗಳ ಮೈ ಮರದ್ದು. ಕಬ್ಬಿಣದ ಅಡಿಗಟ್ಟಿನ ಮೇಲೆ ಕೂರಿಸಿದ ಆ ಮರದ ಮನೆ ಗಾಡಿಗಳು ಡಿಕ್ಕಿ ಹೊಡೆದಾಗ ಸೀಳಿ ಚೂರಾಗುತ್ತಿತ್ತು. ಕಿಡಿ ತಗುಲಿದರೆ ಉರಿಯುತ್ತಿತ್ತು.

ಇದಕ್ಕೆ ಪರಿಹಾರವೇನು? ವಿಮಾನವನ್ನು ನೋಡಿರಿ. ಅದರ ಹೊರಗಿನ ಲೋಹದ ತೊಗಲೇ ಭಾರದ ಒಂದು ಪಾಲನ್ನು ಹೊರುತ್ತದೆ. ಆದುದರಿಂದ 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಯುದ್ಧಾನಂತರ ಲೋಹದ ರೈಲುಡಬ್ಬಿಗಳಿಗೆ ಕೈಹಾಕಿದ್ದು ಆಶ್ಚರ್ಯವಲ್ಲ. ಮುಂದೆ ಆ ಕೆಲಸವು 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಗೆ ಬಂದಿತು. ‘ವಂದೇ ಭಾರತ್’ ಮಲಗುವ ಗಾಡಿಯ ಮೊದಲ ಮಾದರಿಯನ್ನು ಆ ಸಂಸ್ಥೆಯೇ ಕಟ್ಟಿ, 2024ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ತೋರಿಸಿತು: 16 ಡಬ್ಬಿ, 823 ಹಾಸಿಗೆ. ಮಾದರಿಯೆಂದರೆ, ಹಲವನ್ನು ಕಟ್ಟುವ ಮುನ್ನ ಒಂದನ್ನು ಕಟ್ಟಿ, ಓಡಿಸಿ, ತಪ್ಪು ತಿದ್ದಿಕೊಳ್ಳುವುದು.

ಡಬ್ಬಿಯ ವಯಸ್ಸು ತಿಳಿಯಬೇಕೆ? ಅದರ ಪಕ್ಕದಲ್ಲಿ ಬರೆದ ಸಂಖ್ಯೆಯನ್ನು ಓದಿರಿ. ಸಾಮಾನ್ಯವಾಗಿ ಮೊದಲ ಎರಡು ಅಂಕಿಗಳು ತಯಾರಾದ ವರ್ಷವನ್ನು ಹೇಳುತ್ತವೆ. ಸೇವೆ ಮುಗಿದ ಡಬ್ಬಿ ಗುಜರಿಗೆ ಹೋದರೆ ಸಂಖ್ಯೆಯೊಡನೆ ಚರಿತ್ರೆಯೂ ಅಳಿಯುತ್ತದೆ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿಯವರ ಸಲೂನ್ ಉಳಿದಿದೆ. ಅರಮನೆಯ ಗಾಡಿಯೇನೋ ಉಳಿಯಿತು; ನಮ್ಮ ಹಿರಿಯರು ಗಂಟುಮೂಟೆಯೊಡನೆ ಕುಳಿತ ಮೂರನೆಯ ದರ್ಜೆಯ ಡಬ್ಬಿಗಳು ಎಷ್ಟು ಉಳಿದಾವು? ಮುಂದಿನ ಸಲ ರೈಲೇರುವಾಗ ಮಕ್ಕಳಿಗೆ ಆ ಸಂಖ್ಯೆಯನ್ನು ತೋರಿಸಿರಿ. ಓದಬಲ್ಲವರಿದ್ದರೆ ತಾನೆ ಜಾತಕಕ್ಕೆ ಬೆಲೆ!